ಹಂಡೆ ಒಲೆಗೆ ಇದ್ದ ಮೂರು ಪಾಳಿ

ತರೀಕೆರೆಯ ನಮ್ಮ ಮನೆಯಲ್ಲಿ ಗೋಡೆ ಗಡಿಯಾರವೊಂದಿತ್ತು. ಅದಕ್ಕೆ ಕೀಲಿ ಕೊಡುವುದನ್ನು ಯಾರೂ ಮರೆಯುತ್ತಿರಲಿಲ್ಲ. ಆದರೂ ನಮಗೆ ಹೊತ್ತು ಹೇಳುತ್ತಿದ್ದದ್ದು ಬಚ್ಚಲುಮನೆ. ಹಂಡೆಯ ನೀರು ಬೆಳಗಿನ ಏಳಕ್ಕೆ ಸುಡುತ್ತಿದ್ದರೆ ಅಪ್ಪನಿಗೆ ರಾತ್ರಿ ಪಾಳಿ. ಮಧ್ಯಾಹ್ನ ಮೂರೂವರೆಗೆ ಸುಡುತ್ತಿದ್ದರೆ ಬೆಳಗಿನ ಪಾಳಿ. ನಾವು ಚಾಪೆ ಹಾಸುವ ಹೊತ್ತಿಗೂ ಬಚ್ಚಲಿನಿಂದ ಕರಟದ ಹೊಗೆ ಬರುತ್ತಿದ್ದರೆ ಎರಡನೇ ಪಾಳಿ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತಿತ್ತು. ಅದರ ಬೆನ್ನಿಗೇ ನಮ್ಮ ಊಟದ ಹೊತ್ತು, ಅವ್ವ ಅಜ್ಜಿಯರ ಜಗಳದ ಹೊತ್ತು, ನಾನು ಗಟ್ಟಿಯಾಗಿ ಪಾಠ ಓದಬಹುದಾದ ಹೊತ್ತು ಎಲ್ಲವೂ ಬದಲಾಗುತ್ತಿದ್ದವು. ನನ್ನ ಅಪ್ಪ ಗಂಗಾಧರಪ್ಪ, ರೈಲಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿದ್ದ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಗಾರ. ಅದಿರು ಕರಗಿಸುವ ಕುಲುಮೆ ತೆಂಗಿನ ಮರಕ್ಕಿಂತ ಎತ್ತರ ಎಂದು ಅವನು ಹೇಳುತ್ತಿದ್ದ. ಅದರ ಬುಡದಲ್ಲಿರುವ ಬಾಯಿಯನ್ನು ತೆಗೆದು ಕರಗಿದ ಕಬ್ಬಿಣವನ್ನು ಹರಿಯಬಿಡುವುದು, ಹರಿದು ಮುಗಿದ ಮೇಲೆ ಮಣ್ಣಿನಿಂದ ಆ ಬಾಯಿಯನ್ನು ಮುಚ್ಚುವುದು ಅವನ ಗ್ಯಾಂಗಿನ ಕೆಲಸ. ಮುಚ್ಚುವುದರಲ್ಲಿ ಅಪ್ಪನ ಕೈ ಒಳ್ಳೆಯದು ಎಂಬ ಮಾತಿತ್ತು. ಅವನ ಉಗುರಿನ ಸಂದಿಯ ಡಾಂಬರು ಕಪ್ಪು ಯುಗಾದಿಯ ಎಣ್ಣೆ ಸ್ನಾನಕ್ಕೂ ಹೋಗುತ್ತಿರಲಿಲ್ಲ.

ಹಂಡೆ ಒಲೆ ಅಜ್ಜಿಯದು. ಅಜ್ಜಿ ಎಂದರೆ ಅಪ್ಪನ ತಾಯಿ, ಮಗನ ನೌಕರಿಯ ಹಿಂದೆ ಅಜ್ಜಂಪುರದಿಂದ ಬಂದವಳು. ಅಡುಗೆಮನೆಗೆ ಗ್ಯಾಸ್ ಬಂದ ದಿನ ಅದು ಪೂರ್ತಿಯಾಗಿ ಅವ್ವನದಾಯಿತು, ಅಜ್ಜಿ ಬಚ್ಚಲಿಗೆ ಸರಿದಳು. ದಿನಾ ಕಡ್ಡಿ ಗೀರಿ ಒಲೆ ಹಚ್ಚುವುದು ಅಜ್ಜಿಯ ಪ್ರಕಾರ ಮನೆ ನಡೆಸಲು ಬಾರದವರ ಕೆಲಸ. ನೀರು ಕಾದ ಮೇಲೆ ಅವಳು ದಪ್ಪ ಕೆಂಡಗಳನ್ನು ಒಲೆಯ ಹಿಂಭಾಗಕ್ಕೆ ಒತ್ತಿ, ಮೇಲೆ ಬೂದಿ ಸುರಿದು, ಅಂಗೈಯಲ್ಲಿ ಮೆಲ್ಲಗೆ ತಟ್ಟಿ, ಒಲೆಯ ಬಾಯಿಗೆ ಚಪ್ಪಡಿ ಕಲ್ಲು ನಿಲ್ಲಿಸಿ, ಸಂದಿಗೆ ಹಸಿಮಣ್ಣು ಮೆತ್ತುತ್ತಿದ್ದಳು. ಎಂಟು ಗಂಟೆ ಕಳೆದರೂ ಒಳಗಿನ ಕೆಂಡ ಆರುತ್ತಿರಲಿಲ್ಲ. ರೈಲು ಕೂಗಿದ್ದು ಕೇಳಿದ ಮೇಲೆ ಕಲ್ಲು ಸರಿಸಿ, ಒಂದು ಹಿಡಿ ತೆಂಗಿನ ನಾರು ಇಟ್ಟು ಊದಿ, ಮೇಲೆ ಮಟ್ಟೆ ಒಟ್ಟುತ್ತಿದ್ದಳು. ಅಪ್ಪ ಸ್ಟೇಷನ್ನಿನಿಂದ ನಡೆದು ಬಂದು ಕಾಫಿ ಕುಡಿದು ಏಳುವಷ್ಟರಲ್ಲಿ ನೀರು ಸಿದ್ಧ. ಅವನು ಸ್ನಾನ ಮಾಡದೆ ನಡುಮನೆಗೆ ಕಾಲಿಡುವಂತಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಬಂದು, ಮಿಂದು, ವಿಭೂತಿ ಇಟ್ಟುಕೊಂಡು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತೆದ್ದ ಮೇಲೇ ಅವನು ನಮ್ಮ ಅಪ್ಪನಾಗುತ್ತಿದ್ದ. ಅದಕ್ಕೆ ಮುಂಚೆ ಕಾರ್ಖಾನೆಯವನು.

ಕಾರ್ಖಾನೆಗೂ ಬಚ್ಚಲಿಗೂ ಇನ್ನೊಂದು ನಂಟಿತ್ತು. ಕುಲುಮೆಯ ಬಾಯಿಗೆ ಮೆತ್ತುವ ಮಣ್ಣು ಸಾಮಾನ್ಯ ಮಣ್ಣಲ್ಲ, ಡಾಂಬರು ಕಲಸಿದ್ದು, ಎಷ್ಟು ಸುಟ್ಟರೂ ಸುಲಭಕ್ಕೆ ಬಿರಿಯದು. ಉಳಿದು ಬಿಸಾಡುವ ಮಣ್ಣಿನಲ್ಲಿ ಒಂದು ಮುದ್ದೆಯನ್ನು ಅಪ್ಪ ಆಗಾಗ ಊಟದ ಕ್ಯಾರಿಯರಿನ ತಳದ ಡಬ್ಬಿಯಲ್ಲಿ ಅಜ್ಜಿಗೆ ತರುತ್ತಿದ್ದ. ಡಬ್ಬಿಗೆ ಡಾಂಬರಿನ ವಾಸನೆ ಹತ್ತುತ್ತಿತ್ತು. ಅವ್ವನಿಗೆ ಅದೊಂದು ದೊಡ್ಡ ಸಂಕಟ.

"ನಿಮ್ಮವ್ವನ ಒಲೆಗೆ ಮಣ್ಣು, ನನ್ನ ಪಲ್ಯಕ್ಕೆ ಡಾಂಬರು. ಇನ್ನೊಂದ್ ಡಬ್ಬಿ ತಗಳಿ ಅಂದ್ರೆ ಕೇಳಲ್ಲ."

"ಗೇಟಲ್ಲಿ ಊಟದ ಡಬ್ಬಿ ಮಾತ್ರ ನೋಡಲ್ಲ ಕಣೇ," ಎನ್ನುತ್ತಿದ್ದ ಅಪ್ಪ.

"ಅವ್ನು ತರ್ತಾನೆ, ನಾನು ಇಸ್ಕೊಂತೀನಿ. ನಿಂಗೇನ್ ಹೊಟ್ಟೆನೋವು ಗಿರಿಜಿ?" ಎಂದು ಬಚ್ಚಲಿನಿಂದ ಅಜ್ಜಿಯ ದನಿ ಬರುತ್ತಿತ್ತು.

ನನಗಾಗ ಹನ್ನೊಂದು ವರ್ಷ. ಮನೆಗೆ ಒಬ್ಬಳೇ ಮಗಳು. ಅಪ್ಪನ ಬಳಿ ಒಂದು ನೀಲಿ ಗಾಜಿನ ತುಂಡಿತ್ತು. ಕುಲುಮೆಯೊಳಗೆ ಬರಿಗಣ್ಣಿನಲ್ಲಿ ನೋಡಬಾರದೆಂದು ಕೊಡುವ ಗಾಜು, ಮೂಲೆ ಒಡೆದದ್ದರಿಂದ ಮನೆಗೆ ಬಂದಿತ್ತು. ಒಂದು ದಿನ ಬೆಳಗಿನ ಪಾಳಿಯ ವಾರದಲ್ಲಿ ಶಾಲೆಗೆ ರಜೆ. ಅಜ್ಜಿ ಮಲಗಿದ್ದಾಗ ನಾನು ಒಲೆಯ ಕಲ್ಲು ಸರಿಸಿ, ಬೂದಿ ಕೆದಕಿ, ಆ ಗಾಜಿನಲ್ಲಿ ಕೆಂಡ ನೋಡಿದೆ. ಉಳಿದದ್ದೆಲ್ಲ ಕಪ್ಪಾಗಿ, ಕೆಂಡವೊಂದೇ ಬಿಳಿಯ ಹೂವಿನಂತೆ ಕಂಡಿತು. ಮುಚ್ಚಿದೆ. ಪಕ್ಕದ ಮನೆಯ ಗೆಳತಿಯನ್ನು ಕರೆತಂದು ಮತ್ತೆ ತೆಗೆದೆ. ಅವಳ ತಂಗಿ ಬಂದಳು, ಮತ್ತೆ ತೆಗೆದೆ. ಅಪ್ಪ ಬಂದಾಗ ಅಜ್ಜಿ ಕಲ್ಲು ಸರಿಸಿ ಎಷ್ಟು ಊದಿದರೂ ಬೂದಿ ಮಾತ್ರ ಹಾರಿತು. ಅಪ್ಪ ಉಗುರುಬೆಚ್ಚಗಿನ ನೀರನ್ನೇ ಸುರಿದುಕೊಂಡು ಬಂದ. ಮರುದಿನ ಒಲೆಗೆ ಕಡ್ಡಿ ಗೀರಿದ್ದು ಅವ್ವ. ಅಜ್ಜಿ ನನ್ನ ಕಿವಿ ಹಿಂಡಲಿಲ್ಲ. ಬೂದಿಯ ಮುಂದೆ ಕೂರಿಸಿಕೊಂಡು ಹೇಳಿದಳು:

"ಲೇ ವನಜಿ, ಕೆಂಡ ಇದೆಯಾ ಅಂತ ನೋಡ್ತಿದ್ರೆ ಕೆಂಡ ಇರಲ್ಲ ಕಣೇ. ಇದೆ ಅಂತ ನಂಬಿ ಬಿಟ್ಬಿಡ್ಬೇಕು. ಒಂದೊಂದ್ ಸಲ ತೆಗ್ದಾಗ್ಲೂ ಅದು ಒಂಚೂರು ತನ್ನನ್ನೇ ಉಂಡ್ಕಂಡು ಹೋಯ್ತದೆ."

ಆ ವರ್ಷವೇ ಕಾರ್ಖಾನೆಯ ತೊಂದರೆ ನಮ್ಮ ಮನೆಗೆ ಬಂತು. ಮುಂದೆ ನಾನು ಪತ್ರಿಕೆ ಸೇರಿ, ವಾಣಿಜ್ಯ ಪುಟದಲ್ಲಿ ಕೂತು, ಆ ತೊಂದರೆಯ ಕಾರಣಗಳನ್ನು ಎಷ್ಟೋ ಸಲ ಬರೆದೆ. ಹಳೆಯ ಯಂತ್ರಗಳು, ದೂರದಿಂದ ರೈಲಿನಲ್ಲಿ ಬರಬೇಕಾದ ಕಲ್ಲಿದ್ದಲು, ಕೈತಪ್ಪಿದ ಅದಿರು, ತಯಾರಿಸಲು ತಗಲುವ ಖರ್ಚಿಗಿಂತ ಕಡಿಮೆಗೆ ಮಾರುವ ಉಕ್ಕು, ಎಲ್ಲೋ ಕೂತು ತೀರ್ಮಾನ ಮಾಡುವ ಮೇಲಿನವರು. ಈ ವಾಕ್ಯಗಳು ನನ್ನ ಬೆರಳಿಗೆ ಬಾಯಿಪಾಠ. ಮನೆಯಲ್ಲಿ ಮಾತ್ರ ಅದು ಬೇರೆ ರೀತಿಯಲ್ಲಿ ಕಾಣಿಸಿಕೊಂಡಿತು. ನಮ್ಮ ಮನೆ ಮುಂದಿನ ರಸ್ತೆಯಲ್ಲಿ ಹೆಬ್ಬೆಯ ಆಚೆಯ ಗುಡ್ಡಗಳಿಂದ ಇಳಿದು ಬರುವ ಅದಿರು ಲಾರಿಗಳು ಓಡಾಡುತ್ತಿದ್ದವು. ಅವುಗಳ ಧೂಳಿನಿಂದ ನಮ್ಮ ಬಿಳಿಯ ಬಟ್ಟೆಗಳೆಲ್ಲ ಇಟ್ಟಿಗೆಯ ಬಣ್ಣದವು. ಅಪ್ಪನ ಪಂಚೆ, ನನ್ನ ಶಾಲೆಯ ಅಂಗಿ, ಅಜ್ಜಿ ಲಿಂಗ ಸುತ್ತಿಡುವ ವಸ್ತ್ರ ಎಲ್ಲವೂ ಹಾಗೇ. ಆ ವರ್ಷ ಲಾರಿಗಳು ಕಡಿಮೆಯಾದವು, ಆಮೇಲೆ ನಿಂತವು. ಒಂದು ಮಧ್ಯಾಹ್ನ ಹಿತ್ತಿಲಿನ ತಂತಿಯಿಂದ ಬಟ್ಟೆ ತೆಗೆಯುತ್ತಿದ್ದ ಅವ್ವ ಪಂಚೆಯನ್ನು ಬಿಸಿಲಿಗೆ ಹಿಡಿದು ನೋಡಿ, ಅಪ್ಪನಿಗೆ ತೋರಿಸಿದಳು.

"ನೋಡಿ, ಮದ್ವೆ ಆದಾಗಿಂದ ನಿಮ್ ಪಂಚೆ ಇಷ್ಟ್ ಬೆಳ್ಳಗೆ ಆಗಿರ್ಲಿಲ್ಲ."

ಅವಳು ಸಂತೋಷದಿಂದಲೇ ಹೇಳಿದ್ದು. ಅಪ್ಪ ಆ ಪಂಚೆಯನ್ನು ಇಸಿದುಕೊಂಡು ಮಡಿಸಿದ, ಉಡಲಿಲ್ಲ.

ಕೆಲವು ದಿನಗಳ ನಂತರ ಅವನು ಸ್ನಾನ ಮಾಡಿ ಬಂದು ಊಟಕ್ಕೆ ಕೂತಾಗ ವಿಷಯ ಹೇಳಿದ. ಹುರುಳಿಕಾಳಿನ ಸಾರಿನಲ್ಲಿ ಮುದ್ದೆ ಮುರಿಯುತ್ತಾ, ಯಾರನ್ನೂ ನೋಡದೆ ಹೇಳಿದ. ಕಲ್ಲಿದ್ದಲು ತರಿಸಲು ಕಾರ್ಖಾನೆಯ ಕೈಯಲ್ಲಿ ದುಡ್ಡಿಲ್ಲ. ಕುಲುಮೆ ನಿಲ್ಲಿಸುತ್ತಾರೆ. ಆದರೆ ಆರಿಸುವುದಿಲ್ಲ. ಒಳಗೆ ಉರಿಯುವ ಕಲ್ಲಿದ್ದಲು ತುಂಬಿ, ಗಾಳಿ ಹೋಗುವ ತೂತುಗಳಿಗೆಲ್ಲ ಮಣ್ಣು ಮೆತ್ತಿ, ಹಾಗೇ ಬಿಡುತ್ತಾರೆ. ದುಡ್ಡು ಬಂದ ದಿನ ತೆಗೆದು ಗಾಳಿ ಊದಿದರೆ ಮತ್ತೆ ಹತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಒಳಗಿನ ಬೆಂಕಿ ಸತ್ತರೆ ಬುಡದಲ್ಲಿರುವ ಕಬ್ಬಿಣ ಗಟ್ಟಿಯಾಗುತ್ತದೆ. ಆಮೇಲೆ ಕುಲುಮೆಯನ್ನು ಒಡೆಯಬೇಕೇ ಹೊರತು ಹಚ್ಚಲಾಗದು.

ಅಜ್ಜಿ ನಕ್ಕಳು. "ಇದ್ಕೆ ಇಂಜಿನಿಯರ್ ಬೇಕೇನಪ್ಪಾ? ನಾನೇ ಬತ್ತಿದ್ನಲ್ಲ."

"ನಿನ್ ಒಲೆ ಮಣ್ಣೇ ಅವ್ವ ಅಲ್ಲಿಗೂ. ಈ ಸಲ ನಾನೇ ಮೆತ್ತೋದು."

"ಎಷ್ಟ್ ದಿನ ಇರ್ತದೆ?"

"ಮುಟ್ಟದೆ ಬಿಟ್ರೆ ಎರಡ್ ತಿಂಗ್ಳು ಇರ್ತದೆ."

ಅಪ್ಪನಿಗೆ ಪಾಳಿ ತಪ್ಪಿತು. ದಿನಾ ಬೆಳಿಗ್ಗೆ ಹೋಗಿ ಮಣ್ಣು ಎಲ್ಲಾದರೂ ಬಿರಿದಿದೆಯೇ ಎಂದು ಕುಲುಮೆಯ ಸುತ್ತ ನೋಡುವುದು, ಬಿರಿದಲ್ಲಿ ಮೆತ್ತುವುದು, ಸಂಜೆ ಬರುವುದು. ಅಷ್ಟೇ ಕೆಲಸ. ಮನೆಯಲ್ಲಿ ಮೊದಲ ಸಲ ವಾರವಿಡೀ ಒಂದೇ ಹೊತ್ತಿಗೆ ಊಟ. ಅಜ್ಜಿ ಆದರೂ ಬೂದಿ ಮುಚ್ಚುವುದನ್ನು ಬಿಡಲಿಲ್ಲ. ಪಾಳಿ ಯಾವಾಗ ಶುರುವಾಗುತ್ತದೋ ಯಾರಿಗೆ ಗೊತ್ತು ಎನ್ನುತ್ತಿದ್ದಳು.

ಅದೇ ವಾರ ಎಲ್ಲ ಕೆಲಸಗಾರರಿಗೂ ಒಂದೊಂದು ಫಾರಂ ಕೊಟ್ಟರು. ಸ್ವಇಚ್ಛೆಯಿಂದ ನಿವೃತ್ತಿ ತೆಗೆದುಕೊಳ್ಳುವವರು ತಿಂಗಳ ಕೊನೆಯೊಳಗೆ ಸಹಿ ಮಾಡಬೇಕು. ಮಾಡಿದರೆ ಒಂದು ಗಂಟು ಸಿಗುತ್ತದೆ, ಗಡುವು ಮೀರಿದರೆ ಅದೂ ಇಲ್ಲ. ಅಪ್ಪ ಫಾರಂ ಅನ್ನು ಮಡಿಸಿ ಗೂಡಿನಲ್ಲಿದ್ದ ವಿಭೂತಿ ಡಬ್ಬಿಯ ಹಿಂದೆ ಇಟ್ಟ. ಪೂಜೆಗೆ ಕೂತಾಗಲೆಲ್ಲ ಅದು ಅವನ ಕಣ್ಣೆದುರಿಗೇ ಇರುತ್ತಿತ್ತು. ಅವ್ವನ ಅಣ್ಣನಿಗೆ ಕಡೂರಿನಲ್ಲಿ ಕೊಬ್ಬರಿ ಮಂಡಿ ಇತ್ತು. ತೂಕಕ್ಕೆ ನಂಬಿಕೆಯವರು ಬೇಕು, ಮಂಡಿಯ ಹಿಂದಿನ ಮನೆಯೂ ಖಾಲಿ ಇದೆ ಎಂದು ಅವನು ಹೇಳಿ ಕಳಿಸಿದ್ದ. ಅವ್ವ ದಿನಕ್ಕೊಮ್ಮೆ ಆ ಮಾತೆತ್ತುತ್ತಿದ್ದಳು.

"ಕರಿಬಸಣ್ಣ ಸಹಿ ಹಾಕಿದ್ರಂತೆ."

ಕರಿಬಸಪ್ಪ ಅಪ್ಪನ ಗ್ಯಾಂಗಿನವನೇ, ನಮ್ಮ ಬೀದಿಯವನು.

"ಹಾಕ್ಲಿ."

"ನೀವ್ ಯಾವಾಗ?"

"ಎಲ್ರೂ ಹಾಕ್ಬಿಟ್ರೆ ದುಡ್ಡು ಬಂದ್ ದಿನ ಬಾಯಿ ತೆಗ್ಯೋರ್ ಯಾರು?"

"ಬರ್ದೆ ಇದ್ರೆ?"

ಅಪ್ಪ ಎದ್ದು ಹಿತ್ತಿಲಿಗೆ ಹೋಗುತ್ತಿದ್ದ. ಅವ್ವ ಪಾತ್ರೆಗಳ ಸದ್ದಿನಲ್ಲಿ ಉಳಿದ ಮಾತನ್ನು ಮುಗಿಸುತ್ತಿದ್ದಳು. ಇಬ್ಬರಲ್ಲಿ ಯಾರದು ಸರಿ ಎಂದು ನನಗೆ ಆಗ ಗೊತ್ತಿರಲಿಲ್ಲ, ಈಗ ಹೇಳುವ ಆಸೆಯೂ ಇಲ್ಲ. ಅವ್ವನಿಗೆ ಬೇಕಿದ್ದದ್ದು ಮುಂದಿನ ತಿಂಗಳೂ ಒಲೆಯ ಮೇಲೆ ಪಾತ್ರೆ ಇರುತ್ತದೆ ಎಂಬ ಧೈರ್ಯ. ಅಪ್ಪನಿಗೆ ಬೇಕಿದ್ದದ್ದು ಎರಡು ತಿಂಗಳು, ಯಾರೂ ಮುಟ್ಟದ ಎರಡು ತಿಂಗಳು.

ಮೊದಲು ಬಂದವರು ಬ್ಯಾಂಕಿನವರು. ಕಲ್ಲಿದ್ದಲಿಗೆ ಸಾಲ ಕೊಡುವ ಮುಂಚೆ ಕುಲುಮೆ ನಿಜವಾಗಿ ಜೀವಂತ ಇದೆಯೇ ಎಂದು ಅವರಿಗೆ ನೋಡಬೇಕಿತ್ತು. ಅಪ್ಪ ಒಂದು ತೂತಿನ ಮಣ್ಣು ಒಡೆದು ತೋರಿಸಿದ. ಆ ಸಂಜೆ ಅವನು ಉತ್ಸಾಹದಲ್ಲಿ ಬಂದ. ಒಳಗೆ ಕಿತ್ತಳೆ ಹಣ್ಣಿನ ಬಣ್ಣ, ನೀಲಿ ಗಾಜನ್ನು ಒಬ್ಬರಿಂದೊಬ್ಬರು ಇಸಿದುಕೊಂಡು ನೋಡಿದರು, ತಲೆಯಾಡಿಸಿದರು ಎಂದು ಹೇಳಿದ. ಹತ್ತು ದಿನದ ನಂತರ ಸರ್ಕಾರದ ಕಡೆಯವರು ಬಂದರು. ಬ್ಯಾಂಕಿನವರು ನೋಡಿದ್ದು ಬ್ಯಾಂಕಿಗೆ, ಇವರು ನೋಡಬೇಕಾದದ್ದು ಇವರ ವರದಿಗೆ. ಮತ್ತೆ ಮಣ್ಣು ಒಡೆಯಬೇಕಾಯಿತು. ಮೂರನೆಯವರು ಕಾರ್ಖಾನೆಯನ್ನು ಕೊಳ್ಳುವ ಯೋಚನೆಯಲ್ಲಿದ್ದ ಯಾವುದೋ ಕಂಪನಿಯವರು. ಅವರಲ್ಲೊಬ್ಬ ಫೋಟೊ ತೆಗೆಯಲು ಇನ್ನಷ್ಟು ಹೊತ್ತು ತೆರೆದಿಡಿ ಎಂದನಂತೆ. ಅಂದು ಊಟದ ಹೊತ್ತಿನಲ್ಲಿ ಅಜ್ಜಿಯೇ ಕೇಳಿದಳು.

"ಎಷ್ಟೊತ್ತು ತೆಗ್ದಿದ್ರಪ್ಪಾ?"

"ಅರ್ಧ ಗಂಟೆ ಮೇಲೆ."

"ಬಣ್ಣ ಹೆಂಗಿತ್ತು?"

"ಮೊದ್ಲಿನಂಗೆ ಇಲ್ಲ. ಕುಂಕುಮದಂಗೆ ಕೆಂಪಾಗ್ಬಿಟ್ಟಿದೆ."

ಅಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. "ಬೇಡ ಅನ್ನೋಕಾಗಲ್ವೇನೋ ಗಂಗಾ?"

"ಅಂದೆ ಕಣವ್ವ. ಇಂಜಿನಿಯರ್ ಸಾಹೇಬ್ರಿಗೆ ಅಂದೆ. ಪದೇ ಪದೇ ತೆಗುದ್ರೆ ಉಳಿಯಲ್ಲ ಸಾರ್ ಅಂತ. ಅವ್ರಿಗೂ ಗೊತ್ತು. ತೋರಿಸ್ದೆ ಇದ್ರೆ ದುಡ್ಡು ಬರಲ್ಲ ಗಂಗಾಧರಪ್ಪ, ದುಡ್ಡು ಬರ್ದೆ ಇದ್ರೆ ಹೆಂಗೂ ಉಳಿಯಲ್ಲ, ನೀನೇ ಹೇಳು ಏನ್ ಮಾಡನ ಅಂದ್ರು."

"ನೀ ಏನಂದೆ?"

"ಏನನ್ಲಿ. ಗಡಾರಿ ತಗೊಂಡೆ."

ನಾಲ್ಕನೆಯ ತಂಡದಲ್ಲಿದ್ದವರು ತಜ್ಞರು. ಅವರು ಎರಡು ತೂತು ತೆಗೆಸಿದರು. ಅಷ್ಟಾದ ಮೇಲೆ ದುಡ್ಡು ಮಂಜೂರಾಯಿತು. ಫಾರಂನ ಗಡುವಿಗೆ ಮೂರು ದಿನ ಉಳಿದಿರುವಾಗ ಕಲ್ಲಿದ್ದಲಿನ ಗಾಡಿ ತರೀಕೆರೆಯ ಮೇಲೆಯೇ ಹಾದು ಹೋಯಿತು. ನಾನೂ ಅಜ್ಜಿಯೂ ರೈಲ್ವೆ ಗೇಟಿನವರೆಗೆ ಹೋಗಿ ನೋಡಿ ಬಂದೆವು. ಅಜ್ಜಿ ಮನೆಗೆ ಬಂದು ಮಟ್ಟೆಗಳನ್ನು ಒಟ್ಟಿಟ್ಟಳು. ಇನ್ನು ಪಾಳಿ ಶುರುವಾಗುತ್ತದೆ ಎಂಬುದು ಅವಳ ಎಣಿಕೆ. ಅವ್ವ ಕೂಡ ಅಂದು ಕಡೂರಿನ ಮಾತೆತ್ತಲಿಲ್ಲ, ಅಪ್ಪನ ಕ್ಯಾರಿಯರಿಗೆ ಹೋಳಿಗೆ ಹಾಕಿ ಕಳಿಸಿದಳು.

ಗಡುವಿನ ದಿನ ಅಪ್ಪ ಮಧ್ಯಾಹ್ನ ಹನ್ನೆರಡಕ್ಕೇ ಬಂದ. ಆ ಹೊತ್ತಿಗೆ ಯಾವ ಪಾಳಿಯೂ ಬಿಡುವುದಿಲ್ಲ, ಹಾಗಾಗಿ ನೀರು ಕಾದಿರಲಿಲ್ಲ. ಅವನು ಹಿತ್ತಿಲಿಂದ ಬರಲಿಲ್ಲ. ಮುಂಬಾಗಿಲಿನಿಂದ, ಸ್ನಾನವಿಲ್ಲದೆ, ಬೂಟಿನ ಸಮೇತ ನಡುಮನೆಗೆ ಬಂದು ಗೂಡಿನಿಂದ ಫಾರಂ ತೆಗೆದ. ಅದರ ಮಡಿಕೆಯಲ್ಲಿ ಉದುರಿದ್ದ ವಿಭೂತಿಯನ್ನು ಕೊಡವಿದ. ನಾನು ಅಲ್ಲೇ ಬರೆಯುತ್ತಾ ಕೂತಿದ್ದೆ.

"ಪೆನ್ ಕೊಡು ವನಜಿ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಿಂಗಳಿಡೀ ಇದಕ್ಕಾಗಿ ಜಗಳವಾಡಿದವಳು, "ಇವತ್ ಸಂಜೆವರ್ಗೂ ಟೈಮ್ ಐತಲ್ಲ," ಎಂದಳು.

"ಬುಡದಲ್ಲಿ ಕಬ್ಣ ಕಲ್ಲಾಗೋಗಿದೆ," ಎಂದ ಅಪ್ಪ. "ಎರಡ್ ದಿನದಿಂದ ಊದಿದ್ವಿ. ನಿನ್ನೆನೇ ಗೊತ್ತಾಗಿತ್ತು, ಹೇಳ್ಲಿಲ್ಲ. ಡ್ರಿಲ್ ಹೋಗ್ತಿಲ್ಲ."

ಸಹಿ ಮಾಡಿ ಮುಂದಿನ ರೈಲಿಗೆ ಹೋಗಿ ಕೊಟ್ಟು ಬಂದ.

ಆ ತೂತುಗಳನ್ನು ತೆಗೆದದ್ದರಿಂದಲೇ ಕುಲುಮೆ ಸತ್ತಿತು ಎಂದು ನಾನು ಬರೆಯಲಾರೆ. ವೃತ್ತಿಯಲ್ಲಿದ್ದಾಗ ಇಬ್ಬರು ನಿವೃತ್ತ ಇಂಜಿನಿಯರರನ್ನು ಕೇಳಿದ್ದೇನೆ. ಒಬ್ಬರು ಹೌದು, ಪ್ರತಿ ಸಲವೂ ಒಳಗಿನ ಇದ್ದಲು ಸುಟ್ಟು ಹೋಗುತ್ತದೆ ಎಂದರು. ಇನ್ನೊಬ್ಬರು, ಅಷ್ಟು ಹಳೆಯ ಕುಲುಮೆಗೆ ತಡವೊಂದೇ ಸಾಕು, ತೂತು ನೆಪ ಎಂದರು. ಎರಡನ್ನೂ ದಾಖಲಿಸುತ್ತೇನೆ. ಅಪ್ಪ ಮಾತ್ರ ಬದುಕಿದ್ದಷ್ಟು ದಿನವೂ ಮೂರನೆಯ ಸಾಧ್ಯತೆಯನ್ನು ಒಪ್ಪಿಕೊಂಡಿದ್ದ. ಮೂರನೆಯ ಸಲ ತಾನು ಮೆತ್ತಿದ ಮಣ್ಣು ಸ್ವಲ್ಪ ಹಸಿಯಾಗಿತ್ತು ಎನ್ನುತ್ತಿದ್ದ. ಆ ಕಾರ್ಖಾನೆ ಆಮೇಲೂ ಪೂರ್ತಿಯಾಗಿ ಮುಚ್ಚಲಿಲ್ಲ. ಹೊರಗಿನಿಂದ ಉಕ್ಕು ತರಿಸಿ ಸಲಾಕೆ ಎಳೆಯುತ್ತಾ, ಒಂದು ವರ್ಷ ನಿಲ್ಲುತ್ತಾ, ಒಂದು ವರ್ಷ ನಡೆಯುತ್ತಾ ಬಂತು. ಅದರ ಬಗ್ಗೆ ನಾನು ಬರೆದ, ತಿದ್ದಿದ, ಶೀರ್ಷಿಕೆ ಕೊಟ್ಟ ಸುದ್ದಿಗಳನ್ನು ಒಂದರ ಮೇಲೊಂದು ಇಟ್ಟರೆ ಅವುಗಳಲ್ಲಿ ಬದಲಾಗುವುದು ಮಂತ್ರಿಯ ಹೆಸರು ಮಾತ್ರ. ಈ ವಾರವೂ ಒಂದು ಸುದ್ದಿ ಓದಿದೆ. ಕಾರ್ಖಾನೆಯ ಸ್ಥಿತಿಗತಿ ನೋಡಲು ತಂಡವೊಂದು ಭೇಟಿ ನೀಡಲಿದೆ. ನಿವೃತ್ತಳಾದ ಮೇಲೂ ಕೈ ಕೆಂಪು ಪೆನ್ನಿಗಾಗಿ ಹುಡುಕಿತು. ತಿದ್ದಲು ಏನೂ ಇರಲಿಲ್ಲ, ವಾಕ್ಯ ಸರಿಯಾಗಿಯೇ ಇತ್ತು.

ನಾವು ಮನೆ ಬಿಟ್ಟ ದಿನ ಮಾವ ಮಂಡಿಯ ಲಾರಿ ಕಳಿಸಿದ್ದ. ಸಾಮಾನುಗಳೆಲ್ಲ ಏರಿದ ಮೇಲೆ ಅಜ್ಜಿ ಬಚ್ಚಲಿನಿಂದ ಒಂದು ಮಣ್ಣಿನ ಮಡಕೆ ಹಿಡಿದು ಬಂದಳು. ಅಜ್ಜಂಪುರದಿಂದ ತರೀಕೆರೆಗೆ ಬಂದಾಗಲೂ ಅವಳು ಹಾಗೆಯೇ ಕೆಂಡ ತಂದಿದ್ದಳಂತೆ. ಬೂದಿಯ ನಡುವೆ ಕೆಂಡವಿಟ್ಟು, ಮೇಲೆ ಮುಚ್ಚಳ ಹಾಕಿ, ಅಪ್ಪ ತಂದಿದ್ದ ಮಣ್ಣಿನಲ್ಲಿ ಉಳಿದದ್ದನ್ನು ಸುತ್ತ ಮೆತ್ತಿದ್ದಳು. ಅವ್ವ ನಾನು ಅಜ್ಜಿ ಮುಂದೆ ಡ್ರೈವರನ ಪಕ್ಕ ಕೂತೆವು, ಅಪ್ಪ ಹಿಂದೆ ಸಾಮಾನಿನ ಮೇಲೆ. ಬೀರೂರಿನಲ್ಲಿ ಡ್ರೈವರ್ ಚಹಾಕ್ಕೆ ನಿಲ್ಲಿಸಿದ. ಅಪ್ಪ ಇಳಿದು ಬಾಗಿಲ ಬಳಿ ಬಂದ. ಮಡಕೆ ಅಜ್ಜಿಯ ತೊಡೆಯ ಮೇಲಿತ್ತು. ನನಗೆ ಅದು ತಣ್ಣಗಾದಂತೆ ಅನ್ನಿಸಿ ಮುಚ್ಚಳದ ಮಣ್ಣಿಗೆ ಉಗುರು ಹಾಕಿದೆ. ಅಪ್ಪ ನನ್ನ ಕೈ ಹಿಡಿದ. ಜೋರಾಗಿ ಹಿಡಿಯಲಿಲ್ಲ, ಬಿಡಲೂ ಇಲ್ಲ.

"ಬ್ಯಾಡ ಕಣೇ. ಇದೆ ಅನ್ಕೊ."

ಕಡೂರಿನಲ್ಲಿ ಮಂಡಿಯ ಹಿಂದಿನ ಮನೆಯ ಬಚ್ಚಲಿಗೆ ಹೋಗಿ ಅಜ್ಜಿ ಮಡಕೆಯನ್ನು ಹೊಸ ಒಲೆಯ ಮುಂದಿಟ್ಟು ಮುಚ್ಚಳ ತೆಗೆದಳು. ಬೂದಿಯನ್ನು ಬೆರಳಿನಲ್ಲೇ ಕೆದಕಿದಳು. ತಳದವರೆಗೂ ಬೂದಿ. ಅದರಲ್ಲಿ ಬೆರಳು ಸುಡುವಷ್ಟು ಬಿಸಿ ಕೂಡ ಇರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಅವನ ಕಡೆ ತಿರುಗದೆ ಅವ್ವನನ್ನು ಕೂಗಿದಳು.

"ಗಿರಿಜಿ, ಕಡ್ಡಿ ಪೊಟ್ಟಣ ಕೊಡಮ್ಮ."

ಅಜ್ಜಿ ಕಡ್ಡಿ ಗೀರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ಕಡ್ಡಿ ಮುರಿದವು. ಮೂರನೆಯದನ್ನು ಅಪ್ಪ ಅವಳ ಕೈಯಿಂದ ತೆಗೆದುಕೊಂಡು, ಕುಕ್ಕರುಗಾಲಲ್ಲಿ ಕೂತು, ಗೀರಿ, ನಾರಿಗೆ ಹಚ್ಚಿದ. ಉರಿ ಎದ್ದ ಮೇಲೂ ಇಬ್ಬರೂ ಅಲ್ಲೇ ಕೂತಿದ್ದರು.

"ನಾಳೆಯಿಂದ ಮಂಡಿಯಿಂದ ಎಷ್ಟೊತ್ಗೆ ಬತ್ತೀಯಪ್ಪ?"

"ಆರಕ್ಕೆ."

"ಮುಂದಿನ್ ವಾರ?"

"ಮುಂದಿನ್ ವಾರನೂ ಆರಕ್ಕೇ ಕಣವ್ವ. ದಿನಾ ಆರಕ್ಕೇ."

"ಹಂಗಾರೆ ಮುಚ್ಚಿಡೋ ಕೆಲ್ಸ ಇಲ್ಲ ಬಿಡು," ಎಂದು ಅಜ್ಜಿ ಮಡಕೆಯ ಬೂದಿಯನ್ನು ಪಾತ್ರೆ ತಿಕ್ಕಲೆಂದು ಕಲ್ಲಿನ ಪಕ್ಕ ಸುರಿದಳು.